ಬುಗುಡಿ ತೊಟ್ಟ ಮೊಲ

ದೆವ್ವ, ಪವಾಡ, ಶಕುನ ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲವೆಂದೇ ಹೇಳುತ್ತೇನೆ. ನಗುವುದಿದ್ದರೆ ಪೂರ್ತಿ ಓದಿ ಆಮೇಲೆ ನಗಿ. ನಾನು ಬಸ್ ಕಂಡಕ್ಟರ್. ಗದಗದಿಂದ ಮುಂಡರಗಿ, ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ತಿರುಗುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಈ ದಾರಿಗಳಲ್ಲಿ ಎಷ್ಟು ಹುಣಸೆಮರಗಳಿವೆಯೋ ಅಷ್ಟು ದೆವ್ವದ ಕತೆಗಳನ್ನು ಪ್ರಯಾಣಿಕರು ನನಗೆ ಹೇಳಿದ್ದಾರೆ. ಬಿಳಿ ಸೀರೆಯವಳು ಕೈ ಮಾಡಿದಳಂತೆ, ಬಸ್ಸು ನಿಲ್ಲಿಸಿದರೆ ಯಾರೂ ಇರಲಿಲ್ಲವಂತೆ. ಟಿಕೆಟ್ ತೆಗೆಸದೆ ನನ್ನ ಬಸ್ಸಿನಲ್ಲಿ ಮನುಷ್ಯರೇ ಕೂತಿಲ್ಲ, ದೆವ್ವ ಎಲ್ಲಿ ಕೂರಬೇಕು ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಇಂಥ ಕತೆಗಳಿಗೆ ಅಮಾವಾಸ್ಯೆಯ ರಾತ್ರಿಯೇ ಬೇಕು, ಒಬ್ಬನೇ ಮನುಷ್ಯ ಇರಬೇಕು ಎಂಬುದೊಂದು ರೂಢಿ. ನನ್ನದು ಇಳಿಬಿಸಿಲಿನಲ್ಲಿ, ಊರ ಗಂಡಸರೆಲ್ಲ ನೋಡುತ್ತ ನಿಂತಿರುವಾಗ ನಡೆದದ್ದು. ಆದ್ದರಿಂದ ಕತ್ತಲೆಯಲ್ಲಿ ಏನೋ ಕಂಡಿರಬೇಕು ಬಿಡಿ ಎಂದು ಯಾರೂ ನನಗೆ ಸಮಾಧಾನ ಹೇಳಬೇಕಾಗಿಲ್ಲ. ನನಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ತಲೆಯೂ ಸರಿಯಾಗಿತ್ತು. ಸಿಟ್ಟು ಮಾತ್ರ ನೆತ್ತಿಗೇರಿತ್ತು.

ನನ್ನ ತವರೂರು ಡಂಬಳದಿಂದ ಆಚೆ, ಕಪ್ಪತಗುಡ್ಡದ ಬುಡದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ, ನಾನು ಅಲ್ಲಿಗೆ ಇನ್ನೂ ಹೋಗಿಬರಬೇಕು. ಬೇಟೆಯ ಬಲೆಗಳು ನಮ್ಮ ಮನೆಯ ಅಟ್ಟದ ಮೇಲಿರುವುದು ತಲೆಮಾರುಗಳಿಂದ ಬಂದ ಪದ್ಧತಿ. ಯುಗಾದಿಯ ಮರುದಿನ ಊರವರು ನಮ್ಮ ಮನೆಯಿಂದ ಆ ಬಲೆಗಳನ್ನು ಹೊತ್ತುಕೊಂಡು ಗುಡ್ಡದ ಹಳ್ಳಕ್ಕೆ ಹೋಗುತ್ತಿದ್ದರು. ಮೊದಲು ಬಲೆಗೆ ಬಿದ್ದ ಮೊಲವನ್ನು ಕೊಲ್ಲುವಂತಿಲ್ಲ. ಅದನ್ನು ರುಮಾಲಿನಲ್ಲಿ ಸುತ್ತಿ ಹನುಮಪ್ಪನ ಗುಡಿಯ ಮುಂದೆ ತರಬೇಕು, ಅರಿಶಿನ ಹಚ್ಚಬೇಕು, ಕಿವಿ ಚುಚ್ಚಿ ತಾಮ್ರದ ಓಲೆ ಹಾಕಬೇಕು, ಹಿಡಿದ ಜಾಗದಲ್ಲೇ ಬಿಟ್ಟು ಬರಬೇಕು. ಅಂದಿನಿಂದ ಅದು ಊರಿನ ಮಗಳು. ಮುಂದೆ ಎಂದಾದರೂ ಓಲೆ ಹಾಕಿದ ಮೊಲ ಬೇಟೆಗೆ ಎದುರಾದರೆ ಮಗಳು ತವರಿಗೆ ಬಂದಳು ಎಂದು ಅರ್ಥ. ಬಲೆ ಸುತ್ತಿಕೊಂಡು ಎಲ್ಲರೂ ತೆಪ್ಪಗೆ ಮನೆಗೆ ನಡೆಯಬೇಕು.

ನನ್ನ ಅಪ್ಪ ಬಲೆ ಕಟ್ಟುತ್ತಿದ್ದ. ಮೊಲದ ಕಿವಿ ಚುಚ್ಚುವವನು ಇಮಾಮಸಾಬ ಕಾಕಾ. ಅವನ ಹೊಲ ನಮ್ಮ ಹೊಲಕ್ಕೆ ಹೊಂದಿಕೊಂಡಿದೆ, ಅವನೂ ಅಪ್ಪನೂ ಒಂದೇ ಬೀಡಿಯನ್ನು ಇಬ್ಬರು ಸೇದುವಷ್ಟು ಗೆಳೆಯರು. ಅಪ್ಪನನ್ನು ಸಾಧು ಮಾಡಿ ತೋರಿಸುವ ಉದ್ದೇಶ ನನಗಿಲ್ಲ. ಮೊದಲನೆಯ ಮೊಲವನ್ನು ಬಿಟ್ಟು ಬಂದ ಮೇಲೆ ಎರಡನೆಯದನ್ನೂ ಮೂರನೆಯದನ್ನೂ ಅವನು ಮನೆಗೆ ತರುತ್ತಿದ್ದ, ನಾವು ತಿನ್ನುತ್ತಿದ್ದೆವು. ಆದರೆ ಮರಿ ಹಾಕಿದ್ದು ಸಿಕ್ಕರೆ ಬಿಡುತ್ತಿದ್ದ. ಚಿಗರಿಗೆ, ಅಂದರೆ ಜಿಂಕೆಗೆ, ಕೈ ಹಾಕುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ಬಲೆ ಬಿಚ್ಚುತ್ತಿದ್ದ. ವರ್ಷಕ್ಕೆ ಒಂದೇ ದಿನ, ಅಷ್ಟೇ.

ನನಗೆ ಹತ್ತು ವರ್ಷವಿದ್ದಾಗ ಒಂದು ಯುಗಾದಿಗೆ ತಾಮ್ರದ ಓಲೆ ಎಲ್ಲೋ ಬಿದ್ದುಹೋಯಿತು. ಮೊಲ ಅಪ್ಪನ ಕೈಯಲ್ಲಿ ಒದ್ದಾಡುತ್ತಿದೆ, ಹೊತ್ತು ಏರುತ್ತಿದೆ, ಓಲೆ ಇಲ್ಲ. ನಾನು ಕಿವಿಯ ಮೇಲ್ಭಾಗದಲ್ಲಿ ತೊಟ್ಟಿದ್ದ ಬುಗುಡಿಯ ತಿರುಪು ಬಿಚ್ಚಿ ಕಾಕಾನ ಕೈಗೆ ಇಟ್ಟೆ. ಎರಡೂ ಬುಗುಡಿಗೆ ಮೊದಲು ಕೆಂಪು ಹರಳೇ ಇದ್ದವು. ಒಂದರ ಹರಳು ಉದುರಿದಾಗ ಲಕ್ಷ್ಮೇಶ್ವರದ ಅಕ್ಕಸಾಲಿಗ ಕೆಂಪು ಇಲ್ಲವೆಂದು ಹಸಿರು ಕೂರಿಸಿ ಕೊಟ್ಟಿದ್ದ. ಜೋಡಿ ತಪ್ಪಿದ ಆ ಹಸಿರು ಹರಳಿನ ಬುಗುಡಿಯೇ ನನ್ನ ಕೈಗೆ ಬಂದದ್ದು. ಕಾಕಾ ಅದನ್ನು ಮೊಲದ ಎಡಗಿವಿಗೆ ತಿರುಪಿದ. ನನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಅದರ ಎದೆ ಬಡಿಯುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಬಂಗಾರವನ್ನು ಮೊಲಕ್ಕೆ ಹಾಕಿ ಬಂದೆನೆಂದು ಅವ್ವ ಬೆನ್ನಿಗೆ ನಾಲ್ಕು ಬಾರಿಸಿದಳು. ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಅಪ್ಪ ಹೋದ ಮೇಲೆ ಬಲೆಗಳು ನನ್ನ ತಮ್ಮ ಹನಮಂತನ ಕೈಗೆ ಬಂದವು. ಅವನು ನನ್ನ ಸೊಂಟದ ಮೇಲೆ ಬೆಳೆದವನು. ಒಳ್ಳೆಯವನೇ. ಆದರೆ ಬೇಟೆ ಅವನ ಕೈಯಲ್ಲಿ ಬೇರೆಯದೇ ಆಯಿತು. ಪೇಟೆಯ ಗೆಳೆಯರು ಬೈಕು, ಜೀಪು ಹಾಕಿಕೊಂಡು ಬರತೊಡಗಿದರು. ಅವರ ಜೊತೆ ಬಂದೂಕುಗಳು ಬಂದವು. ಒಂದು ದಿನದ ಬೇಟೆ ನಾಲ್ಕು ದಿನವಾಯಿತು, ಮೊಲದ ಜೊತೆ ಚಿಗರಿಯೂ ಬೀಳತೊಡಗಿತು. ಗುಡ್ಡ ಅಭಯಾರಣ್ಯವಾಗಿದೆ, ಕಾಯ್ದೆ ಇದೆ ಎಂದು ಎಲ್ಲರಿಗೂ ಗೊತ್ತು. ಆದರೆ ಊರ ಪದ್ಧತಿ ಎಂಬ ಒಂದು ಕಂಬಳಿ ಹೊದ್ದರೆ ಒಳಗೆ ಏನು ಬೇಕಾದರೂ ಮುಚ್ಚಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಕುಚೋದ್ಯ ಇನ್ನೊಂದಿದೆ. ಹಳ್ಳದಲ್ಲಿ ಮೊದಲಿನಂತೆ ಮೊಲ ಸಿಗದಾಯಿತು. ಬಿಡಬೇಕಾದ ಮೊಲವೇ ಸಿಗದಿದ್ದರೆ ಉಳಿದದ್ದನ್ನು ಹೊಡೆಯುವುದು ಹೇಗೆ? ಅದಕ್ಕೆ ನಮ್ಮ ಹನಮಂತ ಗದಗದ ಪೇಟೆಯಲ್ಲಿ ಮಕ್ಕಳ ಆಟಕ್ಕೆಂದು ಮಾರುವ ಬಿಳಿ ಮೊಲ ಕೊಂಡು ತಂದ. ರಟ್ಟಿನ ಡಬ್ಬಿಯಲ್ಲಿ ಅದನ್ನಿಟ್ಟುಕೊಂಡು ನನ್ನ ಬಸ್ಸಿನಲ್ಲೇ ಬಂದ. ಅವನ ಮಕ್ಕಳಿಗೆ ಇರಬೇಕೆಂದು ನಾನೇ ಸೀಟಿನ ಕೆಳಗೆ ಜಾಗ ಮಾಡಿಕೊಟ್ಟೆ. ಆಮೇಲೆ ಕೇಳಿದರೆ ಅದಕ್ಕೆ ಅರಿಶಿನ ಹಚ್ಚಿ, ಕಿವಿ ಚುಚ್ಚಿ, ಗುಡ್ಡದಲ್ಲಿ ಬಿಟ್ಟರಂತೆ. ಪಂಜರದಲ್ಲಿ ಹುಟ್ಟಿದ ಪ್ರಾಣಿಗೆ ನಾಯಿ ಎಂದರೇನು ಗೊತ್ತು? ನಾಯಿಗಳ ಕಡೆಗೇ ಕುಪ್ಪಳಿಸಿಕೊಂಡು ಹೋಯಿತಂತೆ. ಇದನ್ನು ನನಗೆ ಹೇಳಿದವರು ನಗುತ್ತ ಹೇಳಿದರು. ಊರ ಮಗಳನ್ನು ನಾಯಿ ಹರಿಯಿತು, ಇವರು ನಿಶ್ಚಿಂತೆಯಿಂದ ಬಂದೂಕು ಎತ್ತಿದರು.

ಮರುವರ್ಷ ಯುಗಾದಿಗೆ ನಾನು ರಜೆ ಹಾಕಿ ತವರಿಗೆ ಹೋದೆ. ಹಬ್ಬದ ದಿನ ಹೋಳಿಗೆ ಉಂಡು ಸುಮ್ಮನಿದ್ದೆ. ಮರುದಿನ ಬೆಳಿಗ್ಗೆ ಹನಮಂತ ಅಟ್ಟಕ್ಕೆ ಏಣಿ ಹಚ್ಚಿದಾಗ ಏಣಿಯ ಬುಡದಲ್ಲಿ ನಿಂತೆ.

"ಈ ವರ್ಷ ಬಲಿ ಕೆಳಗ ಇಳಸಬ್ಯಾಡ, ತಮ್ಮಾ," ಎಂದೆ.

"ಅಕ್ಕಾ, ನೀ ಬಸ್ಸಿನ್ಯಾಗ ಸೀಟಿ ಊದು. ಇಲ್ಲೆ ಊದಬ್ಯಾಡ," ಎಂದು ಅವನು ನಕ್ಕ. ನಾನು ಅಲ್ಲಾಡದ್ದನ್ನು ನೋಡಿ ಅವನ ನಗು ಇಳಿಯಿತು. "ನಿನಗ ತಿಂಗಳಾ ಪಗಾರ ಬರತೈತಿ. ಹೆಸರಕಾಳು ಮೊಳಕಿ ಒಡದಾಗ ಬಂದು ನೋಡು. ಚಿಗರಿ ಹಿಂಡು ಬಂದು ಒಂದ ರಾತ್ರ್ಯಾಗ ಹೊಲಾ ಬೋಳಿಸಿ ಹೋಗ್ತಾವು. ಅವನ್ನ ಮುಟ್ಟಿದ್ರ ಕೇಸು ಅಂತಾರ. ನಮ್ಮ ಹೊಟ್ಟಿ ಕಾಯಾಕ ಯಾವ ಕಾಯ್ದೆ ಐತಿ?"

ಅವನು ಹೇಳಿದ್ದು ಸುಳ್ಳಲ್ಲ. ಚಿಗರಿ ಎಂದರೆ ಚಿತ್ರದಲ್ಲಿ ನೋಡಿ ಆಹಾ ಎನ್ನುವವರು ಎರಡು ಸಲ ಬಿತ್ತಿದ ಹೊಲದ ಬದುವಿನ ಮೇಲೆ ನಿಂತು ಒಮ್ಮೆ ಆಹಾ ಎನ್ನಲಿ, ನೋಡೋಣ. ಆದರೆ ಬೇಟೆಗೂ ಈ ಮಾತಿಗೂ ಎಲ್ಲಿಂದೆಲ್ಲಿಯ ಸಂಬಂಧ?

"ಈಗ ಹೊಲದಾಗ ಏನೈತಿ?" ಎಂದು ಕೇಳಿದೆ. "ಬರೇ ಮಣ್ಣೈತಿ. ಉಗಾದಿಯಾಗ ಬಂದು ಚಿಗರಿ ನಿನ್ನ ಮಣ್ಣ ತಿಂತಾವೇನು? ಹೆಸರು ಹುಟ್ಟಿದಾಗ ಹೇಳಿ ಕಳಸು, ರಜಾ ಹಾಕಿ ಬಂದು ನಾನೂ ಕಾವಲಿ ಕುಂಡ್ರತೀನಿ. ಪರಿಹಾರಕ್ಕ ಯಾವ ಆಫೀಸಿಗೆ ಅಲೀಬೇಕು, ಅಲೀತೀನಿ. ಆದ್ರ ಪ್ಯಾಟಿ ಮಂದಿ ಮೋಜಿಗೆ ಹೊಡಿಯೂದಕ್ಕ ನಿನ್ನ ಹೊಟ್ಟಿ ಹೆಸರು ಹೇಳಬ್ಯಾಡ."

"ಅಪ್ಪ ಮಾಡ್ಲಿಲ್ಲೇನು?"

"ಅಪ್ಪ ಬ್ಯಾಟಿ ಆಡಿದ. ಪ್ಯಾಟ್ಯಾಗಿನ ಮೊಲಾ ತಂದು ದೇವರಿಗೆ ಟೋಪಿ ಹಾಕ್ಲಿಲ್ಲ."

ಅವನ ಮುಖ ಕಪ್ಪಿಟ್ಟಿತು. ಅಂಗಳದಲ್ಲಿ ಪೇಟೆಯ ಗೆಳೆಯರು ಚಹಾ ಕುಡಿಯುತ್ತ ಕೇಳಿಸಿಕೊಳ್ಳುತ್ತಿದ್ದರು. ಅವರ ಎದುರಿಗೇ ಅವನು ಆ ಮಾತು ಆಡಿಬಿಟ್ಟ. "ನೋಡಕ್ಕಾ, ಇವತ್ತ ನೀ ಹಳ್ಳಕ್ಕ ಬಂದಿ ಅಂದ್ರ ಇನ್ನಮ್ಯಾಲೆ ಈ ಹೊಸ್ತಲಾ ತುಳೀಬ್ಯಾಡ. ನನಗ ಅಕ್ಕ ಇಲ್ಲ ಅಂತ ತಿಳಕೋತೀನಿ."

ಗಂಡನ ಮನೆ ಬೆಟಗೇರಿಯಲ್ಲಿದೆ, ಕೈಯಲ್ಲಿ ಕೆಲಸವಿದೆ, ನನಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಅಪ್ಪ ಅವ್ವ ಇಲ್ಲದವಳಿಗೆ ತವರೆಂದರೆ ತಮ್ಮ ಒಬ್ಬನೇ. ಹೆಣ್ಣುಮಕ್ಕಳಿಗೆ ಈ ಮಾತಿನ ಭಾರ ಗೊತ್ತು. ಕಣ್ಣಲ್ಲಿ ನೀರು ಬಂತು. ಅವನಿಗೆ ಕಾಣದಂತೆ ಒರೆಸಿಕೊಂಡೆ. ಅರಣ್ಯದವರಿಗೆ ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದು ಗುಂಡು ಹಾರಿದರೂ ಮಾಡುತ್ತೇನೆ ಎಂದು ಅವನಿಗೆ ಹೇಳಿಯೇ ಹೊರಟೆ. ಅದಕ್ಕೂ ಮೊದಲು ಅವನನ್ನು ನಾನೇ ನಿಲ್ಲಿಸಬೇಕು ಎಂಬ ಹಟ ನನ್ನದು. ಚೀಲದಲ್ಲಿ ನೀರಿನ ಬಾಟಲಿ ಇತ್ತು, ಡ್ಯೂಟಿಯ ಸೀಟಿ ಇತ್ತು.

ಹಳ್ಳ ಮೇಲಿಂದ ಅಗಲವಾಗಿ ಬಂದು ಕೆಳಗೆ ಎರಡು ಜಾಲಿಗಿಡಗಳ ನಡುವೆ ಇಕ್ಕಟ್ಟಾಗುತ್ತದೆ. ಬಲೆ ಕಟ್ಟುವುದು ಅಲ್ಲಿಯೇ. ಮೇಲಿನಿಂದ ಹಲಗೆ, ತಗಡು ಬಾರಿಸುತ್ತ ಬಂದರೆ ಗಿಡಗಂಟಿಯಲ್ಲಿದ್ದ ಪ್ರಾಣಿಗಳೆಲ್ಲ ಆ ಬಾಯಿಗೇ ಓಡಿಬರುತ್ತವೆ. ಬೆಳಗಿನಿಂದ ಅವರು ಬೇರೆ ಬೇರೆ ಕಡೆ ಅಲೆದು, ಏನೂ ಸಿಗದೆ, ಹೊತ್ತು ಇಳಿದಾಗ ಅಲ್ಲಿಗೆ ಬಂದರು. ನಾನು ಇಡೀ ದಿನ ಹಿಂದಿನಿಂದ ನಡೆದಿದ್ದೆ. ಯಾರೂ ನನ್ನೊಡನೆ ಮಾತಾಡಲಿಲ್ಲ. ಇಮಾಮಸಾಬ ಕಾಕಾ ಮಾತ್ರ ಒಂದು ಸಲ "ಮನೀಗೆ ಹೋಗ ಯವ್ವಾ, ಬಿಸಲೈತಿ," ಎಂದ. ಅವನಿಗೆ ಬೇಟೆಯ ವಯಸ್ಸು ದಾಟಿತ್ತು, ಕಿವಿ ಚುಚ್ಚುವ ಗೌರವಕ್ಕಾಗಿ ಕರೆತಂದಿದ್ದರು. ಡಬ್ಬಿಯಲ್ಲಿ ಬಿಳಿ ಮೊಲ ಈ ವರ್ಷವೂ ಇತ್ತು, ಬೆಳಿಗ್ಗೆಯೇ ಅದರ ಕಿವಿ ಚುಚ್ಚಿಸಿ ಬಿಟ್ಟು ಶಾಸ್ತ್ರ ಮುಗಿಸಿದ್ದರು.

ಬಲೆ ಕಟ್ಟಿದರು. ನಾಯಿಗಳನ್ನು ಹಿಡಿದು ಹನಮಂತ ಎಡದಂಡೆಯಲ್ಲಿ ಕೂತ. ಬಂದೂಕಿನ ಇಬ್ಬರು ಬಲಗಡೆಯ ಬಂಡೆ ಏರಿದರು, ಅವರಲ್ಲೇ ಇನ್ನೊಬ್ಬ ಮೊಬೈಲ್ ಹಿಡಿದು ವಿಡಿಯೋ ಶುರು ಮಾಡಿದ. ಮೇಲೆ ಹಲಗೆ ಬಾರಿಸತೊಡಗಿದರು. ಆಗ ನಾನು ಹಳ್ಳಕ್ಕೆ ಇಳಿದು ಬಲೆಯ ಮುಂದೆ, ಪ್ರಾಣಿಗಳು ಬರುವ ದಾರಿಗೆ ಎದುರಾಗಿ ನಿಂತೆ.

"ಹೊಡಿಯೂದಾದ್ರ ನನ್ನ ದಾಟಿ ಹೊಡೀರಿ!" ಎಂದು ಕೂಗಿದೆ.

"ಹನಮಂತಪ್ಪಾ, ನಿಮ್ಮ ಅಕ್ಕನ್ನ ಜಲ್ದಿ ಕರಕೊಂಡ ಹೋಗ್ರಿ. ಹೆಣ್ಣಮಕ್ಕಳಿಗೆ ಇಲ್ಲೇನ ಕೆಲಸಾ?" ಎಂದು ಬಂಡೆಯ ಮೇಲಿನವನು ಬೈದ. ಹನಮಂತ ಎದ್ದು ನಿಂತ, ಬರಲಿಲ್ಲ. ನಾನು ಸೀಟಿ ಬಾಯಿಗಿಟ್ಟೆ. ಪ್ರಾಣಿಗಳು ಹತ್ತಿರ ಬರುವ ಮೊದಲೇ ಜೋರಾಗಿ ಊದಿ ಅವುಗಳನ್ನು ಹಿಂದಕ್ಕೆ ಚದುರಿಸಬೇಕು ಎಂಬುದು ನನ್ನ ಲೆಕ್ಕ.

ಊದಲು ಆಗಲಿಲ್ಲ. ತಂಗಡಿ ಗಿಡಗಳ ಸಂದಿಯಿಂದ ಒಂದು ಮೊಲ, ಡಬ್ಬಿಯ ಬಿಳಿಯದಲ್ಲ, ಗುಡ್ಡದ ಕಂದು ಮೊಲ, ಬಂದು ಹಳ್ಳದ ನಡುವೆ ಕೂತಿತು. ಹೆದರಿ ಓಡುವ ಮೊಲ ಹೇಗಿರುತ್ತದೆ ಎಂದು ನನಗೆ ಗೊತ್ತು. ಇದು ಓಡುತ್ತಿರಲಿಲ್ಲ. ಹಿಂದೆ ಹಲಗೆಯ ಸದ್ದು ಕಿವಿಗಡಚಿಕ್ಕುತ್ತಿದ್ದರೂ ನಿಧಾನವಾಗಿ ನನ್ನ ಕಡೆ ಬಂತು. ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ನಿಂತು ಕಿವಿ ನಿಮಿರಿಸಿತು. ಅದರ ಹಿಂದೆ ಸೂರ್ಯನಿದ್ದ, ತೆಳುವಾದ ಕಿವಿಗಳು ಒಳಗಿನ ನರವೂ ಕಾಣುವಂತೆ ಕೆಂಪಗಾಗಿದ್ದವು. ಎಡಗಿವಿಯ ಬುಡದಲ್ಲಿ ಬುಗುಡಿ ಇತ್ತು. ಅದರ ಹರಳು ಹಸಿರಾಗಿತ್ತು.

ನಾನು ಏನನ್ನೂ ಯೋಚಿಸಲಿಲ್ಲ. ಗುರುಗುಟ್ಟುತ್ತಿದ್ದ ನಾಯಿಗಳು ಸುಮ್ಮನಾಗಿದ್ದವು. ದಂಡೆಯ ಮೇಲೆ ಯಾರೋ "ಓಲಿ ಐತಿ, ಓಲಿ ಐತಿ," ಎಂದರು. ಆಮೇಲೆ ಬಲೆಯ ಪಕ್ಕದಲ್ಲೇ ನಿಂತಿದ್ದ ಇಮಾಮಸಾಬ ಕಾಕಾನ ದನಿ ಕೇಳಿಸಿತು.

"ಹಸರ ಹರಳು, ಯವ್ವಾ," ಎಂದ. ತಲೆಯ ಮೇಲಿನ ರುಮಾಲು ತೆಗೆದು ಎದೆಗೆ ಹಿಡಿದುಕೊಂಡಿದ್ದ. "ನಿಂದಲ್ಲೇನ ಅದು?"

ಗಮನಿಸಿ, ನಾನು ಬಾಯಿ ಬಿಟ್ಟಿರಲಿಲ್ಲ. ಹಸಿರು ಎಂಬ ಮಾತು ನನ್ನಿಂದ ಬಂದದ್ದಲ್ಲ. ನಾನು ಬಗ್ಗಿ ಬಲೆಯ ಕೆಳಗಿನ ಹಗ್ಗವನ್ನು ಎತ್ತಿದೆ. ಮೊಲ ನನ್ನ ಸೀರೆಯ ಅಂಚಿಗೆ ಮೈ ತಾಗಿಸಿಕೊಂಡು ಆಚೆ ಹೋಯಿತು. ಆ ತಾಗಿದ್ದು ನನಗೆ ಈಗಲೂ ಕಾಲಿನಲ್ಲಿ ನೆನಪಿದೆ. ತಿರುಗಿ ನೋಡುವಷ್ಟರಲ್ಲಿ ಕಾಣಲಿಲ್ಲ. ಅದರ ಬೆನ್ನಿಗೇ ಐದಾರು ಚಿಗರಿಗಳು ಬಂದು, ನನ್ನ ಎಡಬಲಕ್ಕೆ ಹಾರಿ, ಬಲೆಯನ್ನೂ ದಾಟಿ ಹೋದವು. ಯಾರೂ ಗುಂಡು ಹಾರಿಸಲಿಲ್ಲ. ಹನಮಂತ ನಾಯಿಗಳ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕೂತುಬಿಟ್ಟಿದ್ದ. ಊರವರು ಬಲೆ ಸುತ್ತಿದರು.

ಅಂದಿನಿಂದ ನಾನು ಇದನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದೇನೆ. ಮೊಲ ಬದುಕುವುದು ಹೆಚ್ಚೆಂದರೆ ಏಳೆಂಟು ವರ್ಷ. ನಾನು ಬುಗುಡಿ ಕೊಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಅದೇ ಮೊಲ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನನ್ನೇ ನಾನು ಬಸ್ಸಿನಿಂದ ಇಳಿಸಬೇಕಾಗುತ್ತದೆ. ಹಳೆಯ ಮೊಲ ಸತ್ತು, ಬುಗುಡಿ ಎಲ್ಲೋ ಬಿದ್ದು, ಅದು ಯಾರಿಗೋ ಸಿಕ್ಕು, ಅವರು ಇನ್ನೊಂದು ಮೊಲಕ್ಕೆ ಹಾಕಿರಬಹುದೇ? ಬಿದ್ದ ಬಂಗಾರವನ್ನು ಮತ್ತೆ ಮೊಲ ಹುಡುಕಿ ಅದರ ಕಿವಿಗೆ ಹಾಕುವ ಮನುಷ್ಯ ನನ್ನ ಬಸ್ಸಿನಲ್ಲಂತೂ ಇದುವರೆಗೆ ಹತ್ತಿಲ್ಲ. ಬೆಟಗೇರಿಗೆ ಬಂದು ಪೆಟ್ಟಿಗೆ ತೆಗೆದು ನೋಡಿದೆ, ಕೆಂಪು ಹರಳಿನ ಬುಗುಡಿ ಇದ್ದಲ್ಲೇ ಇತ್ತು. ನಾನೇ ಈ ನಾಟಕ ಕಟ್ಟಿದೆ ಎಂದೂ ಊರಲ್ಲಿ ಕೆಲವರು ಆಡಿಕೊಂಡರು. ಕಟ್ಟಲು ಬಂದಿದ್ದರೆ ಎಂದೋ ಕಟ್ಟುತ್ತಿದ್ದೆ, ಕಟ್ಟಿದ್ದೇನೆಂದು ಡಂಗುರವನ್ನೂ ಸಾರುತ್ತಿದ್ದೆ.

ವಿಡಿಯೋ ಒಂದಿತ್ತಲ್ಲ, ಅದನ್ನೂ ತರಿಸಿಕೊಂಡು ನೋಡಿದೆ. ಬಿಸಿಲು ನೇರವಾಗಿ ಕ್ಯಾಮೆರಾಕ್ಕೆ ಬಿದ್ದು ಹಳ್ಳದ ನೆಲವೆಲ್ಲ ಬೆಳ್ಳಗಾಗಿದೆ. ಮೊಲ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಸೀಟಿ ಬಾಯಲ್ಲಿಟ್ಟುಕೊಂಡು ನಿಂತ ನಾನು ಮಾತ್ರ ಸ್ಪಷ್ಟವಾಗಿ ಕಾಣುತ್ತೇನೆ. ಆಮೇಲೆ ನಾನು ಬಗ್ಗುತ್ತೇನೆ, ಬಲೆ ಎತ್ತುತ್ತೇನೆ, ಯಾವುದಕ್ಕೋ ದಾರಿ ಬಿಡುತ್ತೇನೆ.

ಊರಲ್ಲಿ ಬೇಟೆ ನಿಂತಿತು. ಹಳ್ಳದ ಬಾಯಲ್ಲಿ ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದರು. ಹನಮಂತ ತಾನೇ ಬೆಟಗೇರಿಗೆ ಬಂದ. ಕಾಲು ಹಿಡಿಯಲು ಬಗ್ಗಿದವನನ್ನು ನಾನು ಎತ್ತಿ ಕೂರಿಸಿದೆ. "ದೇವರ ಬಂದು ನಿಲ್ಲಿಸಿತು ಅಕ್ಕಾ. ಮನೀಗೆ ಬಾ," ಎಂದ. ತಮ್ಮ ಮರಳಿ ಸಿಕ್ಕಿದ ಸಂತೋಷಕ್ಕೆ ಅಂದು ನಾನು ಏನೂ ಅನ್ನಲಿಲ್ಲ. ಆದರೆ ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಬೆಳಗಿನಿಂದ ಬಿಸಿಲಲ್ಲಿ ಹಿಂದೆ ಹಿಂದೆ ನಡೆದು, ತವರನ್ನೇ ಪಣಕ್ಕಿಟ್ಟು, ಬಂದೂಕಿನ ಎದುರು ನಿಂತವಳು ನಾನು. ಅಕ್ಕ ಹೇಳಿದರೆ ಕೇಳದವರು ಮೊಲದ ಕಿವಿ ನೋಡಿ ಕೇಳಿದರು.

ಈ ಸಿಟ್ಟು ಸುಳ್ಳಲ್ಲ ಎಂದು ಹೋದ ಯುಗಾದಿಗೆ ಗೊತ್ತಾಯಿತು. ಊಟವಾದ ಮೇಲೆ ಅಂಗಳದಲ್ಲಿ ಕೂತ ಕೆಲವರು ಹನಮಂತನನ್ನು ಕೇಳಿದರು. ಓಲೆಯ ಮೊಲ ಆಮೇಲೆ ಯಾರಿಗೂ ಕಂಡಿಲ್ಲ, ಮಗಳು ಬಂದರೆ ಆ ಒಂದು ವರ್ಷ ಬೇಟೆ ಇಲ್ಲ ಎಂದಷ್ಟೇ ಶಾಸ್ತ್ರ, ಇಷ್ಟು ವರ್ಷ ಬಿಟ್ಟದ್ದು ಸಾಕಲ್ಲ, ಮುಂದಿನ ಸಲ ಬಲೆ ಇಳಿಸೋಣವೇ ಎಂದರು. ಹನಮಂತ ಹೌದು ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ನನ್ನ ಮುಖ ನೋಡಿದ.

"ಓಲಿ ಇರಲಾರದ ಮೊಲಾನೂ ಮೊಲಾನ," ಎಂದೆ. "ಬಲಿ ಇಳಸೂದಾದ್ರ ಇಳಸ್ರಿ. ಅವತ್ತ ಮೊಲಾ ಬರದಿದ್ರೂ ನಾ ಅಲ್ಲೇ ನಿಂತಿರತಿದ್ನಿ. ಮುಂದಿನ ಸಲ ಬರದಿದ್ರೂ ಅಲ್ಲೇ ನಿಂತಿರತೀನಿ."

ಕಾಕಾ ಕೆಮ್ಮಿದ, ಇನ್ನೊಬ್ಬ ಮಳೆಯ ಮಾತು ತೆಗೆದ. ಅವರು ಬಲೆ ಇಳಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಸಂಜೆ ನನ್ನ ಸೀರೆಗೆ ತಾಗಿ ಹೋದದ್ದು ಏನು ಎಂಬುದೂ ಗೊತ್ತಿಲ್ಲ, ತಿಳಿದವರು ಹೇಳಿದರೆ ಕೇಳಲು ತಯಾರಿದ್ದೇನೆ. ಅದು ಮತ್ತೆ ಬಂದೀತು ಎಂದು ಮಾತ್ರ ನಾನು ಕಾದು ಕೂತಿಲ್ಲ. ಮುಂದಿನ ಯುಗಾದಿಯ ಮರುದಿನಕ್ಕೆ ಈಗಲೇ ರಜೆ ಕೇಳಿಟ್ಟಿದ್ದೇನೆ.